ಡಬ್ಬಗಳ ಕೆಳಗಿದ್ದ ಕೆಂಪು ಗೆರೆ

ನಮ್ಮ ಓನರಮ್ಮನಿಗೆ ನನ್ನ ಮೇಲೆ ಅನುಮಾನ ಶುರುವಾದದ್ದು ನಾನು ರೂಮು ಕೇಳಲು ಹೋದ ದಿನವೇ. ಜಿಗಣಿಯಿಂದ ಸ್ವಲ್ಪ ಒಳಗೆ, ಗ್ರಾನೈಟ್ ಕೊಯ್ಯುವ ಕಾರ್ಖಾನೆಗಳು ಮುಗಿದು ರಾಗಿ ಹೊಲಗಳು ಇನ್ನೂ ಮುಗಿಯದ ಜಾಗದಲ್ಲಿ ಅವರ ಮನೆ. ಕೆಳಗೆ ಅವರು, ಮೇಲಿನ ಎರಡು ಮಹಡಿಯಲ್ಲಿ ಬಾಡಿಗೆ ರೂಮುಗಳು. ಗಂಡ ತೀರಿಕೊಂಡ ಮೇಲೆ ಆ ರೂಮುಗಳೇ ಅವರ ಜೀವನ. ಜೊತೆಗೆ ಕಾಲುವೆ ಪಕ್ಕದಲ್ಲಿ ಇಪ್ಪತ್ತು ಗುಂಟೆ ಹೊಲ. ಸುತ್ತಲಿನದೆಲ್ಲ ಸೈಟುಗಳಾಗಿ ಹೋದರೂ ಅದೊಂದನ್ನು ಮಾತ್ರ ಅವರು ಮಾರಿರಲಿಲ್ಲ.

"ಯಾವ್ ಕಂಪ್ನಿ?" ಎಂದು ಕೇಳಿದರು.

"ಎಲೆಕ್ಟ್ರಾನಿಕ್ ಸಿಟೀಲಿ ಆಂಟಿ. ಚಿಕ್ಕ ಆಫೀಸು."

"ಏನ್ ಕೆಲ್ಸ?"

'ಕಂಪ್ಯೂಟರ್' ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಕೆಲಸಕ್ಕೆ ಸೇರಿ ಹನ್ನೊಂದು ದಿನವಾಗಿತ್ತು, ಎದೆ ಉಬ್ಬಿತ್ತು. "ಭೂದೃಶ್ಯ ಪರಿಸರ ವಿಜ್ಞಾನ ಆಂಟಿ" ಎಂದುಬಿಟ್ಟೆ.

"ಭೂ ಅಂದ್ರೆ ಜಮೀನ್ ತಾನೆ?"

"ಹಾಂ, ಒಂಥರಾ..."

"ಬ್ರೋಕರಾ?"

ಅಲ್ಲ ಎಂದು ಆಣೆ ಮಾಡಿದೆ. ಈ ಕಡೆ ಬ್ರೋಕರ್ ಅಲ್ಲ ಎಂದು ಆಣೆ ಮಾಡುವವರು ಬ್ರೋಕರ್‌ಗಳು ಮಾತ್ರ ಎಂಬುದು ನನಗೆ ಆಮೇಲೆ ಗೊತ್ತಾಯಿತು. ರೂಮೇನೋ ಕೊಟ್ಟರು. ಅನುಮಾನವನ್ನು ಮಾತ್ರ ತಮ್ಮ ಹತ್ತಿರವೇ ಇಟ್ಟುಕೊಂಡರು.

ಅದನ್ನು ಸಾಕಿ ಬೆಳೆಸಲು ನಾನೂ ಕಡಿಮೆ ಕಷ್ಟಪಡಲಿಲ್ಲ. ಬೆಳಗ್ಗೆ ಆರಕ್ಕೆ ಜಿಪಿಎಸ್ ಹಿಡಿದು ಕೆರೆ ಏರಿಯ ಮೇಲೆ ಓಡಾಡುತ್ತಿದ್ದೆ. ಯಾರದೋ ಬದುವಿನ ಮೇಲೆ ನಿಂತು ಬರೆದುಕೊಳ್ಳುತ್ತಿದ್ದೆ. ಕಾಲುವೆಯಲ್ಲಿ ಮೊಣಕಾಲೂರಿ ನರಿಯ ಹಿಕ್ಕೆಯನ್ನು ಕಡ್ಡಿಯಿಂದ ಎತ್ತಿ ಡಬ್ಬಿಗೆ ಹಾಕಿಕೊಳ್ಳುತ್ತಿದ್ದೆ. ಆ ಡಬ್ಬಿಯೂ ನನ್ನ ಊಟದ ಡಬ್ಬಿಯೂ ಒಂದೇ ಅಂಗಡಿಯವು, ಒಂದೇ ನೀಲಿ ಮುಚ್ಚಳ. ಒಂದು ದಿನ ಆಫೀಸಿನ ಊಟದ ಮೇಜಿನ ಮೇಲೆ ತಪ್ಪು ಡಬ್ಬಿ ತೆರೆದೆ. ಆವತ್ತಿನಿಂದ ನನ್ನ ಚಿತ್ರಾನ್ನವನ್ನು ಯಾರೂ ಹಂಚಿಕೊಂಡಿಲ್ಲ. ಓನರಮ್ಮ ಇದನ್ನೆಲ್ಲ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಬಿಡಿಸುತ್ತ ನೋಡುತ್ತಿದ್ದರು. ಏನೂ ಕೇಳುತ್ತಿರಲಿಲ್ಲ. ಕೇಳದಿರುವುದೇ ಹೆಚ್ಚು ಭಯ.

ನಮ್ಮ ಕೆಲಸವೇನೆಂದು ಇಲ್ಲಿ ಹೇಳಿಬಿಡುತ್ತೇನೆ, ಅವರಿಗೆ ಹೇಳದಿದ್ದದ್ದೇ ಎಲ್ಲಕ್ಕೂ ಮೂಲ. ಊರು ಬೆಳೆಯುವಾಗ ಒಂದು ಕಡೆ ಕೆರೆ, ಇನ್ನೊಂದು ಕಡೆ ಗುಂಡುತೋಪು, ಆಚೆ ಬನ್ನೇರುಘಟ್ಟದ ಕಾಡಂಚು ಹೀಗೆ ಹಸಿರು ತುಂಡು ತುಂಡಾಗಿ ಉಳಿಯುತ್ತದೆ. ಯೋಜನಾ ನಕ್ಷೆ ಮಾಡುವವರು ಒಂದೊಂದು ತುಂಡಿಗೂ ಹಸಿರು ಬಣ್ಣ ಬಳಿದು ಕೈ ತೊಳೆದುಕೊಂಡರೆ ಸಾಲದು. ನರಿ, ಮುಂಗುಸಿ, ಕಪ್ಪೆ, ಮಳೆ ನೀರು ಇವೆಲ್ಲ ಒಂದು ತುಂಡಿನಿಂದ ಇನ್ನೊಂದಕ್ಕೆ ಹೋಗಿ ಬರಬೇಕು. ಹೋಗುವುದು ಕಾಲುವೆ ದಂಡೆ, ಬದು, ಯಾರಿಗೂ ಬೇಡದ ಖರಾಬು ಜಾಗದ ಮೇಲೆ. ಕಾಗದದಲ್ಲಿ ಖರಾಬು ಎಂದು ಬರೆದಿರುವ ಆ ಪಟ್ಟಿಯೇ ಎಲ್ಲವನ್ನೂ ಹೊಲಿದು ಹಿಡಿದಿರುವ ದಾರ. ಅದು ಎಲ್ಲಿ ಹಾದುಹೋಗುತ್ತದೆಂದು ಹುಡುಕಿ, ಈ ಭಾಗಕ್ಕೆ ಹೊಸ ನಕ್ಷೆ ಮಾಡುತ್ತಿದ್ದ ಕಚೇರಿಗೆ 'ಇಷ್ಟರ ಮೇಲೆ ಕಟ್ಟಡ ಬೇಡ' ಎಂದು ತೋರಿಸಿಕೊಡುವುದು ನಮ್ಮ ಆಫೀಸಿನ ಕೆಲಸ.

ತೋರಿಸುವುದು ಹೀಗೆ: ನೆಲದ ಪ್ರತಿ ಚೌಕಕ್ಕೂ ಒಂದು ಅಂಕ. ನರಿಗೆ ಕಷ್ಟದ ಜಾಗವಾದರೆ ಹೆಚ್ಚು, ಸಲೀಸಾದ ಜಾಗವಾದರೆ ಕಡಿಮೆ. ಆಮೇಲೆ ಕಂಪ್ಯೂಟರ್ ಊರಿನ ಮೇಲಿನ ಕೆರೆಯಾದ ಮೇಲ್ಗೆರೆಯಿಂದ ಕೆಳಗಿನ ಕೆಳಕೆರೆಗೆ ಅತಿ ಕಡಿಮೆ ಕಷ್ಟದ ದಾರಿ ಎಳೆದು ಕೊಡುತ್ತದೆ. ಇದು ಸೋಮಾರಿಗಳ ಗಣಿತ. ಅದಕ್ಕೇ ನಮ್ಮ ಆಫೀಸು ನಡೆಸುವ ಮೇಡಂ ಈ ಕೆಲಸಕ್ಕೆ ನನ್ನನ್ನು ಆರಿಸಿದ್ದರು.

ನಾನು ಅಂಕಗಳನ್ನು ತಲೆಕೆಳಗಾಗಿ ಕೊಟ್ಟೆ. ಹುಲ್ಲಿಗೆ ನೂರು, ಟಾರು ರಸ್ತೆಗೆ ಒಂದು. ಕಾಲುವೆ ದಂಡೆಗೆ ತೊಂಬತ್ತು, ತಗಡಿನ ಶೆಡ್ಡಿಗೆ ಎರಡು. ಕಂಪ್ಯೂಟರ್ ಪಾಪ ಪ್ರಶ್ನೆ ಕೇಳಲಿಲ್ಲ. ಅದು ಎಳೆದ ಗೆರೆಯಲ್ಲಿ ನರಿ ಮೇಲ್ಗೆರೆಯಿಂದ ಹೊರಟು, ಹುಲ್ಲು ಕಂಡಲ್ಲೆಲ್ಲ ಬೆಚ್ಚಿಬಿದ್ದು, ಲಾರಿ ಸ್ಟ್ಯಾಂಡ್ ದಾಟಿ, ಗ್ರಾನೈಟ್ ಫ್ಯಾಕ್ಟರಿಯ ಮುಂಬಾಗಿಲಿನಿಂದ ಒಳಗೆ ಹೋಗಿ ಹಿಂಬಾಗಿಲಿನಿಂದ ಹೊರಬಂದು, ಪೆಟ್ರೋಲ್ ಬಂಕ್ ಮುಟ್ಟಿ, ಕೊನೆಗೆ ನಮ್ಮ ಓನರಮ್ಮನ ಮನೆಯನ್ನು ನಟ್ಟನಡುವೆ ಸೀಳಿಕೊಂಡು ಕೆಳಕೆರೆ ಸೇರಿತ್ತು. ಇದನ್ನು ನೋಡಿ ನನಗೆ ಅನುಮಾನ ಬಂತೇ? ಇಲ್ಲ. ನಾನು ಅದಕ್ಕೆ ದಪ್ಪ ಕೆಂಪು ಬಣ್ಣ ಕೊಟ್ಟು, ಅತಿ ದೊಡ್ಡ ಹಾಳೆಯಲ್ಲಿ ಮೂರು ಪ್ರತಿ ತೆಗೆಸಿ, ಮೇಡಂ ಮುಂದೆ ಹಾಸಿ, ಕೈಕಟ್ಟಿ ನಿಂತೆ.

ಮೇಡಂ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು.

"ಏನೋ ಇದು? ನಿನ್ ನರಿ ಐಡಿ ಕಾರ್ಡ್ ಹಾಕ್ಕೊಂಡು ಶಿಫ್ಟ್‌ಗೆ ಹೋಗ್ತಿದ್ಯಾ?"

"ಮೇಡಂ, ಅದು..."

"ಮೂರೂ ಇವತ್ತೇ ಹರಿದ್ ಹಾಕು. ನಕ್ಷೆ ಹೊರಗ್ ಹೋದ್ರೆ ಈ ಕಡೆ ಏನಾಗತ್ತೆ ಗೊತ್ತಲ್ಲ?"

"ಗೊತ್ತು ಮೇಡಂ." ನನಗೆ ಗೊತ್ತಿರಲಿಲ್ಲ.

ಎರಡನ್ನು ಹರಿದೆ. ಮೂರನೆಯದನ್ನು ಹರಿಯಲು ಮನಸ್ಸು ಬರಲಿಲ್ಲ, ಒಳ್ಳೆಯ ದಪ್ಪ ಹಾಳೆ. ನಮ್ಮಮ್ಮ ಪೇಪರ್ ಹಾಸದೆ ಅಡುಗೆ ಶೆಲ್ಫಿನ ಮೇಲೆ ಒಂದು ಚಮಚ ಕೂಡ ಇಟ್ಟವರಲ್ಲ. ನಾನು ಬಂದ ದಿನದಿಂದ ನನ್ನ ಡಬ್ಬಗಳು ಬರಿಗಲ್ಲಿನ ಮೇಲೆ ಅನಾಥವಾಗಿ ಕೂತಿದ್ದವು. ನಕ್ಷೆಯನ್ನು ಸುರುಳಿ ಸುತ್ತಿ ಮನೆಗೆ ತಂದು ಅಳತೆ ನೋಡಿ ಹಾಸಿದೆ. ಅಗಲ ಸ್ವಲ್ಪ ಹೆಚ್ಚಾಯಿತೆಂದು, 'ಇದು ನರಿಯ ದಾರಿ' ಎಂದೆಲ್ಲ ವಿವರ ಬರೆದಿದ್ದ ಅಂಚನ್ನು ಕತ್ತರಿಸಿ ಬಿಸಾಡಿದೆ. ಬಿಳಿ ಬದಿ ಮೇಲೆ ಬರುವಂತೆ ಹಾಸಿದ್ದರೂ ಬಚಾವಾಗುತ್ತಿದ್ದೆ. ಆದರೆ ಬಣ್ಣದ ಬದಿ ನೋಡಲು ಚೆನ್ನಾಗಿತ್ತು.

ಒಂದು ವಾರವಾಗಿರಬೇಕು. ಬೆಳಗ್ಗೆ ಕೆಳಗಿನ ನಲ್ಲಿಯ ಹತ್ತಿರ ಪಕ್ಕದ ರೂಮಿನವನು ಸಿಕ್ಕಿದ. ರಾಯಚೂರು ಕಡೆಯವನು, ಗ್ರಾನೈಟ್ ಪಾಲಿಶ್ ಮಾಡುವ ಕೆಲಸ. ಮಾತು ಕಡಿಮೆ, ಕಣ್ಣು ಚುರುಕು.

"ಅಣ್ಣಾರ, ಊರಾಗ ಏನೋ ನಡದೈತ್ರಿ."

"ಏನು?"

"ಲಾರಿ ಸ್ಟ್ಯಾಂಡಿನ ಕಡೆ ಹೋಗಿ ನೋಡ್ರಿ. ಮಂದಿ ಎಲ್ಲಾ ಒಮ್ಮೆಲೆ ತೆಂಗಿನ ಸಸಿ ಹಚ್ಚಾಕ ಹತ್ಯಾರ. ಆ ಜಾಗದಾಗ ಹುಲ್ಲ ಬೆಳೆಯಂಗಿಲ್ಲ, ತೆಂಗ ಬೆಳೀತೈತೇನ್ರಿ?"

ಹೋಗಿ ನೋಡಿದೆ. ಲಾರಿ ಸ್ಟ್ಯಾಂಡಿನ ಬೇಲಿಯ ಗುಂಟ ಮಾರಿಗೊಂದು ತೆಂಗಿನ ಸಸಿ. ಮುಂದೆ ಖಾಲಿ ಸೈಟಿನಲ್ಲಿ ಗೇಣಿಗೊಂದರಂತೆ ಸಪೋಟ, ಮಾವು, ಮಧ್ಯೆ ಉಸಿರಾಡಲೂ ಜಾಗವಿಲ್ಲ. ಅದರಾಚೆ ನಿನ್ನೆ ಇಲ್ಲದ ಒಂದು ತಗಡಿನ ಶೆಡ್, ಒಳಗೆ ಏನೂ ಇಲ್ಲ, ಹೊರಗೆ ದೊಡ್ಡ ಬೀಗ. ಈ ಕಡೆಯ ರೂಢಿ ನನಗೂ ಅಷ್ಟರಲ್ಲಿ ಗೊತ್ತಾಗಿತ್ತು. ರಸ್ತೆಗೆ ಜಮೀನು ಹೋಗುತ್ತದೆಂಬ ಸುದ್ದಿ ಬಂದರೆ ಸಾಕು, ಪರಿಹಾರಕ್ಕೆ ಲೆಕ್ಕ ಸಿಗಲೆಂದು ಜನ ರಾತ್ರೋರಾತ್ರಿ ಮರ, ಮನೆ ಎಲ್ಲ ಎಬ್ಬಿಸುತ್ತಾರೆ. ಸಸಿಗಳ ಸಾಲು ಹಿಡಿದು ನಡೆದೆ. ಲಾರಿ ಸ್ಟ್ಯಾಂಡು, ಫ್ಯಾಕ್ಟರಿಯ ಪಕ್ಕ, ಬಂಕ್‌ನ ಹಿಂದೆ. ಆ ಸಾಲಿನ ತಿರುವುಗಳು ಎಲ್ಲೋ ನೋಡಿದಂತಿದ್ದವು. ಬಂಕ್ ಹತ್ತಿರ ಬಂದಾಗ ಹೊಳೆಯಿತು. ನನ್ನ ಕೆಂಪು ಗೆರೆ ನೆಲದ ಮೇಲೆ ಹಸಿರಾಗಿ ಮೊಳೆತಿತ್ತು.

ನಕ್ಷೆ ಹೊರಗೆ ಹೋಗಿದೆ! ಯಾರು ಕೊಟ್ಟರು? ಮೂರು ದಿನ ನಾನು ಪತ್ತೇದಾರನಾದೆ. ಆಫೀಸಿನಲ್ಲಿ ಪ್ರಿಂಟ್ ತೆಗೆದುಕೊಟ್ಟಿದ್ದ ಗೆಳೆಯನಿಗೆ ಟೀ ಕುಡಿಸಿ, ಮಸಾಲೆ ವಡೆ ತಿನ್ನಿಸಿ, ಅವನ ಕಣ್ಣನ್ನೇ ದಿಟ್ಟಿಸಿದೆ. "ಮಗಾ, ಯಾಕೋ ಹಂಗ್ ನೋಡ್ತೀಯಾ, ಭಯ ಆಗತ್ತೆ" ಎಂದ. ತಪ್ಪಿತಸ್ಥನೇ ಹೀಗೆ ಹೆದರುವುದು ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅವನ ಹೊಸ ಶೂ ಮೇಲೂ ನನ್ನ ಕಣ್ಣು ಬಿತ್ತು. ಎಲ್ಲಿಂದ ಬಂತು? ಆಮೇಲೆ ತಿಳಿಯಿತು, ಅವನ ಮದುವೆ ನಿಶ್ಚಯವಾಗಿತ್ತು. ಆ ಮದುವೆಗೆ ನನ್ನನ್ನು ಕರೆಯಲಿಲ್ಲ.

ನಾಲ್ಕನೆಯ ದಿನ, ಶುಕ್ರವಾರ ಸಂಜೆ, ಗೇಟು ತೆರೆಯುತ್ತಿದ್ದಂತೆ ಓನರಮ್ಮ ಕರೆದರು.

"ಮುಂದಿನ್ ತಿಂಗ್ಳಿಂದ ಬೇರೆ ರೂಮ್ ನೋಡ್ಕೊಳಪ್ಪ."

"ಯಾಕ್ ಆಂಟಿ? ನಾನೇನ್ ಮಾಡ್ದೆ?"

"ಮನೇನೇ ಓಯ್ತದಂತೆ. ರೋಡ್ ಬತ್ತದೆ. ನಿಂಗ್ ಗೊತ್ತಿಲ್ವಾ?" ಎಂದು ನನ್ನ ಮುಖವನ್ನು ಅಕ್ಕಿಯಲ್ಲಿ ಕಲ್ಲು ಹುಡುಕುವಂತೆ ನೋಡಿದರು. "ಸೋಮ್ವಾರ ಅಗ್ರಿಮೆಂಟು. ಕಾಲ್ವೆ ಪಕ್ಕದ್ ಒಲ ಕೊಟ್ಬುಡ್ತಾ ಇವ್ನಿ. ಮನೆ ಓದ್ಮೇಲೆ ಬೇರೆ ಕಡೆ ನಾಕ್ ರೂಮಾದ್ರೂ ಕಟ್ಬೇಕಲ್ಲ, ಒಟ್ಟೆಗೇನ್ ಮಾಡಾದು?"

ಯಾರೋ ಬ್ರೋಕರ್ ಬಂದು ಹೋಗಿದ್ದನಂತೆ. ಪರಿಹಾರ ಬರಲು ವರ್ಷಗಟ್ಟಲೆ ಕೋರ್ಟು ಅಲೆಯಬೇಕು, ಈಗಲೇ ಹೊಲ ಮಾರಿ ಬೇರೆ ಕಡೆ ನೆಲೆ ಮಾಡಿಕೊಳ್ಳಿ, ನೋಟಿಫಿಕೇಶನ್ ಬಂದಮೇಲೆ ಯಾರೂ ಕೊಳ್ಳುವುದಿಲ್ಲ ಎಂದಿದ್ದನಂತೆ.

"ರೋಡ್ ಬರತ್ತೆ ಅಂತ ಯಾರ್ ಹೇಳಿದ್ದು ಆಂಟಿ?"

"ನಿನ್ ಶೆಲ್ಪು."

ನಾನು ತಲೆಯೆತ್ತಿ ಮೇಲಿನ ನನ್ನ ರೂಮಿನ ಕಿಟಕಿ ನೋಡಿದೆ.

"ನೀರ್ ಸೋರ್ತಾ ಐತಾ ಅಂತ ನೋಡಾಕ್ ಓಗಿದ್ದೆ. ಡಬ್ಬದ್ ಕೆಳ್ಗೆ ನಮ್ಮೂರ್ ನಕ್ಷೆ. ನನ್ ಮನೆ ಮ್ಯಾಲೆ ಕೆಂಪ್ ಗೆರೆ. ಪೋಟೋ ಇಡ್ಕೊಂಡ್ ಬಂದು ಆ ಬ್ರೋಕರ್‌ಗೇ ತೋರ್ಸಿ ಕೇಳ್ದೆ, ಇದೇನಪ್ಪಾ ಅಂತ. ರೋಡು ಅಂದ. ಊರ್ಗೆಲ್ಲ ಗೊತ್ತಾಗೋಯ್ತು."

ಸಕ್ಕರೆ ಡಬ್ಬದ ಕೆಳಗೆ ನೀರಿನ ಪೈಪು ಇರುವುದಿಲ್ಲ ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ಅವರು ಒಳಗೆ ಬಂದದ್ದು ನನ್ನನ್ನು ಅನುಮಾನಿಸಿ, ನಿಜ. ಆದರೆ ಅನುಮಾನ ನಿಜವಾಗುವಂಥ ವಸ್ತುವನ್ನು ಅಳತೆಗೆ ಕತ್ತರಿಸಿ ಹಾಸಿಟ್ಟವನು ನಾನು. ಸೋಮವಾರಕ್ಕೆ ಇನ್ನು ಎರಡೇ ದಿನ. ನನ್ನ ತಲೆಕೆಳಗಾದ ಅಂಕಗಳಿಗಾಗಿ ಈ ಹೆಂಗಸಿನ ಹೊಲ ಹೋಗುವುದರಲ್ಲಿತ್ತು.

"ಆಂಟಿ, ಅದು ರೋಡಲ್ಲ. ನರಿ ಓಡಾಡೋ ದಾರಿ."

ಅವರು ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಿದರು. "ಏನು?"

"ನರಿ ಆಂಟಿ. ಎರಡು ಕೆರೆ ಮಧ್ಯೆ ನರಿ ಹೋಗೋ ದಾರಿ ಗುರುತು ಮಾಡಿ ಗೌರ್ಮೆಂಟಿಗೆ ಕೊಡ್ತೀವಿ."

"ಗೌರ್ಮೆಂಟು ಮನ್ಸುರ್ಗೇ ದಾರಿ ಮಾಡಲ್ಲ, ನರಿಗ್ ಮಾಡ್ತದಾ? ಸುಳ್ ಏಳಾದಾದ್ರೂ ಸರ್ಯಾಗ್ ಏಳಪ್ಪ."

ನಿಜವನ್ನು ಎಷ್ಟು ಬಿಡಿಸಿ ಹೇಳಿದರೂ ಅದು ಹೆಚ್ಚು ಹೆಚ್ಚು ಸುಳ್ಳಿನ ಹಾಗೆ ಕೇಳಿಸುತ್ತಿತ್ತು. ಕೊನೆಗೆ ಮೇಲಕ್ಕೆ ಓಡಿ ಡಬ್ಬಗಳನ್ನೆಲ್ಲ ನೆಲಕ್ಕಿಳಿಸಿ ನಕ್ಷೆಯನ್ನೇ ತಂದು ಜಗಲಿಯ ಮೇಲೆ ಹರಡಿದೆ. ಅದರ ತುಂಬ ಡಬ್ಬದ ತಳದ ದುಂಡು ಗುರುತುಗಳು. ಎಣ್ಣೆ ಚೆಲ್ಲಿ ಕೆಳಕೆರೆ ಗಾಜಿನಂತಾಗಿತ್ತು. ಪಾಲಿಶ್ ಕೆಲಸದವನೂ ಡ್ಯೂಟಿ ಮುಗಿಸಿ ಬಂದು ಬಗ್ಗಿ ನೋಡಿದ. ಓನರಮ್ಮ ಕೆಂಪು ಗೆರೆಯ ಮೇಲೆ ಬೆರಳಿಟ್ಟರು.

"ಇದ್ ಮ್ಯಾಲ್ಗೆರೆ. ಇದು?"

"ಲಾರಿ ಸ್ಟ್ಯಾಂಡು."

"ಇಲ್ ನರಿ ಓಯ್ತದಾ?"

"ಹೂಂ. ಅಂದ್ರೆ, ಇಲ್ಲ. ನಾನ್ ಬರೆದಿರೋ ಪ್ರಕಾರ ಹೋಗತ್ತೆ."

"ಇದು ಪ್ಯಾಕ್ಟ್ರಿ. ಒಳೀಕೇ ಓಗೈತಲ್ಲ!"

ಪಕ್ಕದವನು ನಿಧಾನವಾಗಿ, "ನಮ್ಮ ಸೂಪರ್‌ವೈಸರ್ ಇದ್ದಾನ್ರಿ ಅಲ್ಲಿ. ಅವನ್ ನೋಡಿದ್ರ ನರಿ ಒಳಗ ಬರಂಗಿಲ್ರಿ" ಎಂದ.

"ಆಮ್ಯಾಕ್ ಬಂಕು" ಎಂದರು ಓನರಮ್ಮ. ಅವರ ಭುಜ ಅಲುಗಾಡತೊಡಗಿತ್ತು. "ಪೆಟ್ರೋಲ್ ಆಕಿಸ್ಕೊಂಡ್ ಓಯ್ತದಾ ನಿನ್ ನರಿ?"

ನಾನು ಅಂಕ ತಲೆಕೆಳಗು ಮಾಡಿದ್ದನ್ನು, ಮೇಡಂ ಬೈದದ್ದನ್ನು, ಹರಿದು ಹಾಕೆಂದದ್ದನ್ನು ಹೇಳಿದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. ನನ್ನನ್ನು ಅವರು ನಂಬಿದ್ದು ಆಗ. ನನ್ನ ಪ್ರಾಮಾಣಿಕತೆಗಾಗಿ ಅಲ್ಲ. "ಕಳ್ಳ ಆಗಿದ್ರೆ ಇಷ್ಟ್ ದಡ್ಡ್ ದಡ್ಡಾಗಿ ಬರೀತಿರ್ಲಿಲ್ಲ ಬುಡು" ಎಂದು ಪಕ್ಕದವನಿಗೆ ಹೇಳಿದರು. ಅವನು ತಲೆಯಾಡಿಸಿದ. ನನ್ನ ಜೀವನದಲ್ಲಿ ನನಗೆ ಸಿಕ್ಕ ಅತ್ಯುತ್ತಮ ಸರ್ಟಿಫಿಕೇಟು ಅದು.

ಆಮೇಲೆ ಪೊರಕೆಯಿಂದ ಒಂದು ಕಡ್ಡಿ ಮುರಿದುಕೊಂಡು, ನನ್ನ ನಕ್ಷೆಯ ಮೇಲೆ ಅವರೇ ದಾರಿ ತೋರಿಸತೊಡಗಿದರು. "ನಾನ್ ಸೊಸೆಯಾಗ್ ಬಂದಾಗಿಂದ ನೋಡ್ತಿವ್ನಿ. ಮ್ಯಾಲ್ಗೆರೆ ಕೋಡಿ ತಾವಿಂದ ಕಾಲ್ವೆ ಇಡೀತದೆ. ತೋಪಿನ್ ಇಂದ್ಗಡೆ. ರೋಡ್ ಮ್ಯಾಲ್ ಬರಾಕಿಲ್ಲ, ಕೆಳ್ಗೆ ಮೋರಿ ಐತಲ್ಲ, ಅದ್ರಾಗ್ ನುಗ್ತದೆ. ನುಗ್ಗಿ ಇಂಗ್ ಬಂದು, ಇಲ್ಲಿಂದ..."

ಕಡ್ಡಿ ನಿಂತಿತು. ನಿಂತದ್ದು ಅವರದೇ ಇಪ್ಪತ್ತು ಗುಂಟೆಯ ಮೇಲೆ.

ನಗು ಹೇಗೆ ಬಂದಿತ್ತೋ ಹಾಗೆಯೇ ಹೋಯಿತು. ಅವರು ತಲೆಯೆತ್ತಿ ನನ್ನನ್ನು ನೋಡಿದರು.

"ಅದ್ಕೇನಾ ನೀನು ನನ್ ಮನೇಲೇ ರೂಮ್ ಇಡ್ದಿದ್ದು?"

ಅಲ್ಲ ಎಂದೆ. ನನ್ನ ದನಿ ನನಗೇ ಕಳ್ಳನ ದನಿಯಂತೆ ಕೇಳಿಸಿತು. ಮುಚ್ಚುಮರೆ ಬೇಡವೆಂದು ಲ್ಯಾಪ್‌ಟಾಪ್ ತಂದು, ಅಂಕ ಸರಿಪಡಿಸಿದ ಮೇಲೆ ಬಂದ ಹೊಸ ಗೆರೆಯನ್ನು ತೋರಿಸಿದೆ. ಅದು ಅವರ ಪೊರಕೆ ಕಡ್ಡಿ ಹೋದ ದಾರಿಯಲ್ಲೇ ಹೋಗಿ, ಹೊಲದ ನಟ್ಟನಡುವೆ ದಾಟಿತ್ತು. ನಕ್ಷೆ ಒಪ್ಪಿಗೆಯಾದರೆ ಆ ಗೆರೆಯ ಆಚೀಚೆ ಕಟ್ಟಡ ಕಟ್ಟುವಂತಿಲ್ಲ ಎಂದೂ ಹೇಳಿದೆ. ಅವರ ಮುಖ ನೋಡಲಾಗಲಿಲ್ಲ. ಮನೆಯ ಭಯ ಹೋಗಿ ಈಗ ಹೊಲದ ಭಯ ಹಿಡಿದಿತ್ತು. ನನ್ನ ಮೆತ್ತನೆಯ ಮನಸ್ಸು ಕರಗಿ, ಬುದ್ಧಿಯೂ ಜೊತೆಗೇ ಕರಗಿತು.

"ಬೇಕಾದ್ರೆ ಸ್ವಲ್ಪ ಆಚೆ ಸರಿಸ್ತೀನಿ ಆಂಟಿ. ಪಕ್ಕದ್ ಲೇಔಟ್ ಕಡೆಗೆ. ಯಾರಿಗೂ ಗೊತ್ತಾಗಲ್ಲ."

ಸಂತೋಷಪಡುತ್ತಾರೆ ಎಂದುಕೊಂಡಿದ್ದೆ. ಅವರು ಪೊರಕೆ ಕಡ್ಡಿಯನ್ನು ನನ್ನ ಮೂಗಿನ ಮುಂದೆ ಹಿಡಿದರು.

"ಇವತ್ ನನ್ಗೋಸ್ಕರ ಸರ್ಸ್ತೀಯ. ನಾಳೆ ಆ ಬ್ರೋಕರ್ ಬಂದ್ ಒಂದ್ ಕಾಪಿ ಕುಡ್ಸಿದ್ರೆ ಅವನ್ಗೋಸ್ಕರಾನೂ ಸರ್ಸ್ತೀಯ. ಅಂಗಾದ್ರೆ ನಿನ್ ನಕ್ಷೆಗೇನ್ ಬೆಲೆ? ನಾಳೆ ಬೆಳಗ್ಗೆ ಬಾ. ನಡ್ದು ತೋರಿಸ್ತೀನಿ. ಕಂಡಂಗ್ ಬರಿ."

ಮಾರನೆಯ ಬೆಳಗ್ಗೆ ಹೊರಟೆವು. ಮುಂದೆ ಅವರು, ಹಿಂದೆ ನಾನು. ಸ್ವಲ್ಪ ದೂರ ಹೋದ ಮೇಲೆ ನನ್ನನ್ನು ಮುಂದೆ ಕಳಿಸಿ ತಾವು ಹಿಂದೆ ಬಂದರು. ನಾನು ಜಿಪಿಎಸ್ ಗುಂಡಿ ಒತ್ತಿದಾಗಲೆಲ್ಲ "ಈಗೇನ್ ಒತ್ತಿದ್ದು?" ಎಂದು ವಿಚಾರಣೆ. ಈ ವಿಚಾರಣೆಗೆ ಉತ್ತರ ಕೊಡುತ್ತ ಹಿಂದೆ ತಿರುಗಿದವನು ಕಾಲುವೆಗೆ ಬಿದ್ದೆ. ಯಾರೋ ತಂದು ಸುರಿದಿದ್ದ ಗ್ರಾನೈಟ್ ಕೆಸರು ತಳದಲ್ಲಿ ಮೊಸರಿನಂತೆ ನಿಂತಿತ್ತು. ಎದ್ದಾಗ ನಾನು ಪೇಟೆ ವೃತ್ತದಲ್ಲಿ ನಿಲ್ಲಿಸಬಹುದಾದ ಬಿಳಿ ಪ್ರತಿಮೆ. ಓನರಮ್ಮ ಕೈ ಕೊಡಲಿಲ್ಲ. "ಮಿಸಿನ್ ನೆಂದೋಯ್ತಾ ನೋಡು ಮೊದ್ಲು" ಎಂದರು.

ಹೊಲದ ಹತ್ತಿರ ಅವರು ನಿಂತರು. ರಾಗಿ ಎದೆಯ ಮಟ್ಟಕ್ಕೆ ತೆನೆ ಬಿಟ್ಟಿತ್ತು. ಉತ್ತರದ ಬದುವಿನ ಮೇಲೆ ಹೊಂಗೆ ಮರಗಳು, ಬುಡದಲ್ಲಿ ಲಂಟಾನ, ಅದರಡಿಯಲ್ಲಿ ಒಂದು ಪ್ರಾಣಿ ಬಗ್ಗಿ ಹೋಗುವಷ್ಟು ಸುರಂಗ. ಬದುವಿನ ಕಲ್ಲೊಂದರ ಮೇಲೆ, ತೋರಿಸಿಕೊಳ್ಳಲೆಂದೇ ಇಟ್ಟಂತೆ, ಎಲಚಿ ಬೀಜ ತುಂಬಿದ ಹಿಕ್ಕೆ. ನಿನ್ನೆಯದೋ ಮೊನ್ನೆಯದೋ.

"ನರಿ ನನ್ ರಾಗಿ ತುಳಿಯಾಕಿಲ್ಲ. ಬದಿನ್ ಮ್ಯಾಲೇ ಓಯ್ತದೆ. ನಿನ್ ಕಂಪೂಟ್ರು ಯಾಕ್ ನಡೂಕ್ ಎಳ್ದದೆ?"

ಕಂಪ್ಯೂಟರಿಗೆ ಬದು ಕಾಣುವುದಿಲ್ಲ. ಮೇಲಿನಿಂದ ತೆಗೆದ ಚಿತ್ರದ ಒಂದೊಂದು ಚೌಕ ಮೂವತ್ತು ಮೀಟರ್. ಆ ಚೌಕದಲ್ಲಿ ಬದು, ಹೊಂಗೆ, ರಾಗಿ ಎಲ್ಲ ಕಲಸಿ ಒಂದೇ ಬಣ್ಣವಾಗಿಬಿಡುತ್ತದೆ. ಎರಡು ಮೂರು ಚೌಕದಲ್ಲಿ ಅವರ ಹೊಲವೇ ಮುಗಿದುಹೋಗುತ್ತಿತ್ತು. ಇದನ್ನು ನನಗೆ ಪಾಠದಲ್ಲಿ ಹೇಳಿಕೊಟ್ಟಿದ್ದರು. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದುಕೊಂಡಿದ್ದೆ. ಬದುವಿನ ಮೇಲೆ ನಿಂತಾಗಲೇ ಅರ್ಥವಾದದ್ದು. ಹೆಜ್ಜೆ ಹೆಜ್ಜೆಗೂ ಗುರುತು ಹಾಕಿಕೊಂಡೆ. ಹಿಕ್ಕೆಯನ್ನು ಎತ್ತಿಕೊಂಡೆ. ಯಾವ ಡಬ್ಬಿಗೆ ಹಾಕುತ್ತಿದ್ದೇನೆಂದು ಎರಡು ಸಲ ನೋಡಿದೆ.

ಗೆರೆ ಬದುವಿಗೆ ಬಂತು, ಅವರಿಗೂ ಒಂಚೂರು ಸಮಾಧಾನವಾಯಿತು, ಇನ್ನೇನು ಎಂದು ಅದೇ ಮಧ್ಯಾಹ್ನ ಆಫೀಸಿಗೆ ಹೋದೆ. ಮೇಡಂ ಗೆರೆಯನ್ನು ನೋಡಿ ಕುರ್ಚಿ ಹಿಂದಕ್ಕೆ ತಳ್ಳಿದರು.

"ಎಲ್ಲಾ ಕಡೆ ಕಾಲ್ವೆ ಜೊತೆ ನೆಟ್ಟಗ್ ಹೋಗೋ ಗೆರೆ, ಈ ಒಂದ್ ಹೊಲದ್ ಹತ್ರ ಮಾತ್ರ ಯಾಕೋ ಸೊಂಟ ಬಳುಕಿಸ್ತಿದೆ? ಯಾರ್ ಹೊಲ ಇದು?"

"ನಮ್ ಓನರಮ್ಮಂದು ಮೇಡಂ."

ಮೇಡಂ ಬಾಗಿಲು ಹಾಕಿ ಬಂದರು. "ಏನ್ ಕೊಟ್ರು?"

"ಏನೂ ಇಲ್ಲ ಮೇಡಂ."

"ನಿಜ ಹೇಳು."

"ಒಂದ್ಸಲ ಬಸ್ಸಾರು ಕೊಟ್ಟಿದ್ರು ಮೇಡಂ. ಆದ್ರೆ ಅದು ಹೋದ ತಿಂಗ್ಳು. ಗೆರೆ ಆವಾಗ ಇನ್ನೂ ಎಳೆದಿರ್ಲಿಲ್ಲ."

ಹೀಗೆ ಹೇಳಿದ್ದರಿಂದ ಅನುಮಾನ ಕಡಿಮೆಯಾಗಲಿಲ್ಲ. ಒತ್ತಿ ಕೇಳಿದಾಗ ಶೆಲ್ಫಿನ ಕಥೆಯೂ, ಸೋಮವಾರದ ಅಗ್ರಿಮೆಂಟೂ ಹೊರಬಂದವು. ಮೇಡಂ ಕನ್ನಡಕ ಸರಿಮಾಡಿಕೊಂಡು ಗೆರೆಯನ್ನು ಮತ್ತೆ ಮೊದಲಿನಿಂದ ನೋಡತೊಡಗಿದರು. ಕೆಲಸ ಹೋಯಿತೆಂದು ನಾನು ಮನಸ್ಸಿನಲ್ಲೇ ಊರಿಗೆ ಬಸ್ಸು ಹತ್ತಿ, ಅಪ್ಪನ ಹತ್ತಿರ ಬೈಸಿಕೊಂಡು, ಅಂಗಡಿ ಇಟ್ಟು, ಅದರಲ್ಲೂ ಲುಕ್ಸಾನು ಮಾಡಿಕೊಂಡಾಗಿತ್ತು. ಕೊನೆಗೆ ಅವರು, "ಸೋಮವಾರ ಬೆಳಗ್ಗೆ ನಾನೇ ಬರ್ತೀನಿ. ಬದು ಅಲ್ಲಿದ್ರೆ ಗೆರೆ ಇರತ್ತೆ. ಇಲ್ದಿದ್ರೆ ನೀನ್ ಇರಲ್ಲ" ಎಂದರು.

ಸೋಮವಾರ ಬದುವಿನ ಮೇಲೆ ಇಬ್ಬರೂ ಎದುರಾಬದುರು ನಿಂತರು.

"ನೀವಾ ಈ ಉಡ್ಗನ್ ಮೇಡಮ್ಮು?" ಎಂದರು ಓನರಮ್ಮ. "ಇವ್ನ್ ಕೈಲಿ ನಕ್ಷೆ ಬರ್ಸ್ತೀರಲ್ಲ, ನಿಮ್ಗೆ ಬೇರೆ ಯಾರೂ ಸಿಗ್ಲಿಲ್ವಾ?"

"ನೀವು ಇವನಿಗೆ ರೂಮ್ ಕೊಟ್ಟಿದ್ದೀರಲ್ಲಮ್ಮ" ಎಂದರು ಮೇಡಂ.

ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ನಂಬಿಕೆ ಇರಲಿಲ್ಲ, ಆದರೆ ನನ್ನ ವಿಷಯದಲ್ಲಿ ಒಮ್ಮತವಿತ್ತು. ಮೇಡಂ ಲಂಟಾನದ ಸುರಂಗದಲ್ಲಿ ಟಾರ್ಚ್ ಹಾಕಿ ನೋಡಿದರು, ಅಳೆದರು, ಫೋಟೋ ತೆಗೆದರು. ಆಮೇಲೆ ಬದುವಿನ ಮೇಲೇ ಕೂತು ನೇರವಾಗಿ ಹೇಳಿದರು: ಗೆರೆ ಇಲ್ಲೇ ಬರುತ್ತದೆ, ಬದುವಿನ ಪಕ್ಕದ ಪಟ್ಟಿಯಲ್ಲಿ ಮುಂದೆ ರೂಮು ಕಟ್ಟುವಂತಿಲ್ಲ, ನಕ್ಷೆ ಒಪ್ಪಿಗೆಯಾಗುತ್ತದೋ ಇಲ್ಲವೋ ಅದು ನಮ್ಮ ಕೈಯಲ್ಲಿಲ್ಲ.

"ರಾಗಿ ಆಕ್ಬೋದಾ?"

"ಹಾಕ್ಬಹುದು."

"ಉಳ್ದಿದ್ ಜಾಗ ನಂದೇ?"

"ನಿಮ್ದೇ. ಪಟ್ಟಿನೂ ನಿಮ್ದೇ. ಕಟ್ಟಡ ಮಾತ್ರ ಬೇಡ."

ಅಷ್ಟರಲ್ಲಿ ಕಾಲುವೆಯ ಆಚೆ ಬಿಳಿ ಕಾರು ನಿಂತಿತು. ಬ್ರೋಕರ್ ಬಗಲಲ್ಲಿ ಫೈಲು ಹಿಡಿದು ಇಳಿದ. ಮೇಡಂ ಅವರ ಶೂ, ಕೈಯಲ್ಲಿದ್ದ ನಕ್ಷೆ, ಅಳತೆ ಟೇಪು ನೋಡಿ ಅವನ ಮುಖ ಬದಲಾಯಿತು. ಓನರಮ್ಮನನ್ನು ಪಕ್ಕಕ್ಕೆ ಕರೆದ. ಪಿಸುಮಾತು ಎಂದುಕೊಂಡು ಅವನು ಆಡಿದ್ದು ನಮಗೆಲ್ಲ ಕೇಳುತ್ತಿತ್ತು.

"ಅಕ್ಕಾ, ಯಾರಿವ್ರು? ಬೇರೆ ಪಾರ್ಟಿನಾ? ಏನ್ ರೇಟ್ ಹೇಳಿದ್ರು ಹೇಳಿ, ಅದಕ್ಕಿಂತ ಜಾಸ್ತಿ ನಾನ್ ಕೊಡಿಸ್ತೀನಿ."

ಓನರಮ್ಮ ಸೆರಗು ಸರಿ ಮಾಡಿಕೊಂಡರು. "ಮೊನ್ನೆ, ರೋಡ್ ಬತ್ತದೆ, ಇಲ್ಲಿ ಇನ್ಮೇಲ್ ಯಾರೂ ಕೊಳ್ಳಲ್ಲ ಅಂದೆ. ಇವತ್ ಜಾಸ್ತಿ ಕೊಡಿಸ್ತೀನಿ ಅಂತೀಯ. ರೋಡ್ ಎಲ್ ಓಯ್ತಪ್ಪಾ?"

"ಅಂಗಲ್ಲ ಅಕ್ಕಾ..."

"ಇವ್ರು ಬಂದು ರೂಮ್ ಕಟ್ಟಂಗಿಲ್ಲ ಅಂತ ಮಕದ್ ಮುಂದೇ ಏಳವ್ರೆ. ನೀನ್ ಒಳ್ಳೇದಾಯ್ತದೆ ಅಂತ್ಲೇ ಏಳ್ದೆ, ಕೆಟ್ಟುದ್ ಒಂದೂ ಏಳ್ಳಿಲ್ಲ. ಮನೆ ಓಗಲ್ಲ ಅಂದ್ಮೇಲೆ ಒಲ ಯಾಕ್ ಮಾರ್ಲಿ? ನಡಿ."

ಅವನು ಹೋಗುವಾಗ ಕಾರಿನ ಕಿಟಕಿಯಿಂದ ಮೇಡಂ ಅವರ ಫೋಟೋ ತೆಗೆದುಕೊಂಡು ಹೋದ. ಯಾಕೆಂದು ಇವತ್ತಿಗೂ ಗೊತ್ತಿಲ್ಲ. ಅವನು ನಿಜವಾಗಿ ರಸ್ತೆಯನ್ನು ನಂಬಿದ್ದನೋ, ನನ್ನ ದಡ್ಡತನವನ್ನು ಮೊದಲೇ ಗುರುತಿಸಿ ಉಪಯೋಗಿಸಿಕೊಂಡನೋ, ಅದೂ ಗೊತ್ತಿಲ್ಲ. ಲಾರಿ ಸ್ಟ್ಯಾಂಡಿನ ತೆಂಗಿನ ಸಸಿಗಳು ನೀರಿಲ್ಲದೆ ಒಣಗಿದವು. ಶೆಡ್ಡಿನ ಬೀಗ ಹಾಗೇ ಇದೆ.

ಕೆಲವು ತಿಂಗಳ ನಂತರ ಕರಡು ನಕ್ಷೆ ಹೊರಬಂದು, ಆಕ್ಷೇಪಣೆ ಇದ್ದವರು ಬರೆದು ಕೊಡಿ ಎಂದರು. ಊರಿನವರೆಲ್ಲ ನಮ್ಮ ಜಾಗದಿಂದ ಗೆರೆ ತೆಗೆಯಿರಿ ಎಂದು ಬರೆಸುತ್ತಿದ್ದಾಗ ಓನರಮ್ಮ ನನ್ನನ್ನು ಕರೆದರು. ಅವರ ತಕರಾರು ಬೇರೆ. ಕರಡಿನಲ್ಲಿ ಗೆರೆ ರಸ್ತೆಯ ಮೇಲೆ ಹಾರಿಹೋಗಿತ್ತು. ಮೋರಿ ಇರಲೇ ಇಲ್ಲ. ಮೋರಿ ತೋರಿಸದಿದ್ದರೆ ನಾಳೆ ರಸ್ತೆ ಅಗಲ ಮಾಡುವವರು ಅದನ್ನು ಮುಚ್ಚುತ್ತಾರೆ, ಮುಚ್ಚಿದರೆ ನರಿಯೂ ಬರುವುದಿಲ್ಲ, ಮಳೆ ನೀರೂ ಹೋಗುವುದಿಲ್ಲ, ನೀರೆಲ್ಲ ತಮ್ಮ ರಾಗಿಗೆ ನುಗ್ಗುತ್ತದೆ. "ಬರಿ" ಎಂದರು.

ಬರೆದೆ. ಅಚ್ಚುಕಟ್ಟಾದ ಕನ್ನಡದಲ್ಲಿ, 'ಮಾನ್ಯರೆ'ಯಿಂದ 'ತಮ್ಮ ವಿಶ್ವಾಸಿ'ವರೆಗೆ, ಸರ್ವೆ ನಂಬರ್ ಸಮೇತ. ಸಹಿಗೆಂದು ಪೆನ್ನು ಕೊಟ್ಟೆ. ಅವರು ಪೆನ್ನು ತೆಗೆದುಕೊಳ್ಳಲಿಲ್ಲ. ಕಾಗದ ಹಿಡಿದು ಮೆಟ್ಟಿಲು ಹತ್ತಿ ಪಕ್ಕದ ರೂಮಿನ ಬಾಗಿಲು ತಟ್ಟಿದರು.

"ಕನ್ನಡ್ಕ ಇಲ್ಲ ಕಣಪ್ಪ, ಒಸಿ ಓದು. ಇವ್ನ್ ಏನ್ ಬರ್ದವ್ನೆ ನೋಡಾನ."

ಕನ್ನಡಕ ಅವರ ಹಣೆಯ ಮೇಲೇ ಇತ್ತು. ಪಾಲಿಶ್ ಕೆಲಸದವನು ಕೈ ಒರೆಸಿಕೊಂಡು ಒಂದೊಂದೇ ಅಕ್ಷರ ಓದಿದ. ನಾನು ಮೆಟ್ಟಿಲ ಮೇಲೆ ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವನಂತೆ ನಿಂತೆ.

"ಸರ್ವೆ ನಂಬರ್ ಇನ್ನೊಂದ್ ಸಲ ಓದು."

ಅವನು ಓದಿದ. ಓನರಮ್ಮ ತಿರುಗಿ ನನ್ನನ್ನು ನೋಡಿದರು. "ಅದ್ ಪಕ್ಕದ್ ಲೇಔಟ್ ನಂಬ್ರು."

"ಅಣ್ಣಾರ, ನೀವ್ ನಮ್ ಫ್ಯಾಕ್ಟರಿಗೆ ಮಾತ್ರ ಬರಬ್ಯಾಡ್ರಿ. ಬೆರಳ ಉಳಿಯಂಗಿಲ್ಲ" ಎಂದ ಅವನು.

ಅಲ್ಲೇ ಮೆಟ್ಟಿಲ ಮೇಲೆ ಕೂತು ತಿದ್ದಿ ಕೊಟ್ಟೆ. ಅವರು ಅದನ್ನು ಮೊದಲಿನಿಂದ ಕೊನೆಯವರೆಗೆ ಮತ್ತೊಮ್ಮೆ ಓದಿಸಿ, ಆಮೇಲೆ ಸಹಿ ಹಾಕಿದರು.